ಹೊರಗೆ ಬಂದ ಮೇಲೆ ‘ಏನು ಹೇಳಿದೆ?’ ಅಂತ ಕೇಳಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಗುಟ್ಟಿನ ವಿಷಯ. ಮೊದಲನೇ ಪತ್ರಕ್ಕೆ ಅದು ಬಂದ ದಿನವೇ ಉತ್ತರ ಕಳಿಸಿದ್ದೆ. ಅದೇ ಸ್ಥಿತಿಯಲ್ಲಿ ಬೇರೆಯವರೂ ಇರಬಹುದು ಅಂತ ಇಲ್ಲಿ ಮತ್ತೆ ಹಾಕುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 17 ವರ್ಷ. ನನ್ನ ಗೆಳತಿ ರಾತ್ರಿ ಮೆಸೇಜ್ ಮಾಡಿ ‘ನಾನು ಬದುಕಿರೋದೇ ಬೇಡ ಅನ್ನಿಸ್ತಿದೆ’ ಅಂದಳು. ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಹೇಳಿದರೆ ಜನ್ಮದಲ್ಲಿ ಮಾತಾಡಲ್ಲವಂತೆ. ಏನು ಮಾಡಲಿ?

ಉತ್ತರ: ಆಣೆ ಮುರಿ. ಇವತ್ತೇ.

ಅವಳಿಗೆ ಮೊದಲೇ ತಿಳಿಸಿ ಮುರಿ. ‘ನೀನು ನನಗೆ ಬೇಕು. ಇದನ್ನು ನಾನೊಬ್ಬಳೇ ಹೊತ್ತುಕೊಳ್ಳೋಕೆ ಆಗಲ್ಲ. ದೊಡ್ಡವರಿಗೆ ಹೇಳ್ತಿದ್ದೀನಿ. ಬೇಕಾದರೆ ನೀನೂ ಜೊತೆಗೆ ಬಾ.’ ಇಷ್ಟು ಸಾಕು. ಆಮೇಲೆ ನೀನು ನಂಬುವ ಒಬ್ಬ ದೊಡ್ಡವರಿಗೆ ಹೇಳು. ನಿನ್ನ ಅಮ್ಮ, ಅವಳ ಅಕ್ಕ, ಟೀಚರ್, ಯಾರಾದರೂ ಸರಿ. ಅವರು ‘ಅದೆಲ್ಲ ಸುಮ್ನೆ ನಾಟಕ’ ಅಂದರೆ ಇನ್ನೊಬ್ಬರಿಗೆ ಹೇಳು. ಏನು ಮಾಡಿಕೊಳ್ಳಬೇಕು ಅಂತ ಅವಳು ಯೋಚಿಸಿಟ್ಟಿದ್ದರೆ ಒಬ್ಬಳೇ ಇರೋಕೆ ಬಿಡಬೇಡಿ, ತುರ್ತು ಸಹಾಯವಾಣಿಗೆ ಕರೆ ಮಾಡಿ.

‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳೋಕೆ ಹೆದರಬೇಡ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನೂ ಆಗುವುದಿಲ್ಲ. ಎಷ್ಟೋ ಮಕ್ಕಳು ಆ ಪ್ರಶ್ನೆ ಕೇಳಿದ ಕೂಡಲೇ ಉಸಿರು ಬಿಡುವುದನ್ನು ನೋಡಿದ್ದೇನೆ. ಅವಳಿಗೆ ನಿನ್ನ ಮೇಲೆ ಸಿಟ್ಟು ಬರಬಹುದು. ಬರಲಿ ಬಿಡು.

ಪ್ರಶ್ನೆ: ನನ್ನ ಮಗಳಿಗೆ 16. ಪರೀಕ್ಷೆ ಹತ್ತಿರ ಬಂದರೆ ಹೊಟ್ಟೆನೋವು, ಕೈ ನಡುಕ. ಶಾಲೆಯನ್ನೇ ತಪ್ಪಿಸಲು ಶುರು ಮಾಡಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ದೇಹಕ್ಕೇನೂ ತೊಂದರೆಯಿಲ್ಲ ಅಂದ ಮೇಲೆ ಆರು ವಾರದಿಂದ ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹೊರಗೆ ಬಂದಾಗ ‘ಏನು ಹೇಳಿದೆ?’ ಅಂದರೆ ‘ಏನಿಲ್ಲ’ ಅನ್ನುತ್ತಾಳೆ. ಕೌನ್ಸೆಲರ್ ಕೂಡ ಬಾಯಿ ಬಿಡುವುದಿಲ್ಲ. ಹೆತ್ತವಳಿಗೆ ಗೊತ್ತಾಗಬಾರದಂಥದ್ದು ಏನಿರುತ್ತದೆ ಮೇಡಂ?

ಉತ್ತರ: ಹೊರಗಿನ ಕುರ್ಚಿಯಲ್ಲಿ 50 ನಿಮಿಷ ಕೂರುವುದು ಕಷ್ಟ. ಒಳಗಿನಿಂದ ಒಂದು ನಗು ಕೇಳಿಸಿದರೂ ‘ನನ್ನ ಹತ್ತಿರ ಹೀಗೆ ನಕ್ಕು ಎಷ್ಟು ದಿನ ಆಯ್ತು’ ಅನ್ನಿಸುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಕೇಳಿಸಿದ್ದು ಸಿಟ್ಟಿಗಿಂತ ಜಾಸ್ತಿ ಆ ನೋವು.

ಆದರೂ ನಾನು ಆ ಕೌನ್ಸೆಲರ್ ಪರವೇ. ನೀವೇ ಯೋಚಿಸಿ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಮನೆ ಮುಟ್ಟುತ್ತದೆ ಅಂತ ಗೊತ್ತಾದರೆ ಅವಳು ಏನು ಹೇಳುತ್ತಾಳೆ? ಮನೆಗೆ ಮುಟ್ಟಿದರೂ ಪರವಾಗಿಲ್ಲ ಅನ್ನುವಂಥದ್ದನ್ನು ಮಾತ್ರ. ಅಷ್ಟನ್ನು ಅವಳು ನಿಮಗೆ ಈಗಾಗಲೇ ಹೇಳಿದ್ದಾಳೆ: ಹೊಟ್ಟೆನೋವು.

ಹಾಗಂತ ಎಲ್ಲವನ್ನೂ ಮುಚ್ಚಿಡುವುದಿಲ್ಲ. ಅವಳ ಜೀವಕ್ಕೆ ಅಪಾಯ, ಅವಳಿಂದ ಬೇರೆಯವರಿಗೆ ಅಪಾಯ, ಅಥವಾ ಅವಳ ಮೇಲೆ ಯಾರಾದರೂ ದೌರ್ಜನ್ಯ ಮಾಡುತ್ತಿರುವುದು, ಈ ಮೂರು ಬಂದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಇದನ್ನು ಮೊದಲ ದಿನವೇ ಮಕ್ಕಳಿಗೂ ಹೆತ್ತವರಿಗೂ ಒಟ್ಟಿಗೆ ಕೂರಿಸಿ ಹೇಳಬೇಕು. ನಿಮಗೆ ಹೇಳಿರದಿದ್ದರೆ ಅದು ಕೌನ್ಸೆಲರ್ ಕಡೆಯ ತಪ್ಪು. ಕೇಳಿ ತಿಳಿದುಕೊಳ್ಳಿ.

ಮಾತು ಹೇಗೆ ಬರುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ, ಗುರುತು ಸಿಗದ ಹಾಗೆ ಬದಲಾಯಿಸಿ. ಒಬ್ಬ ಹುಡುಗಿ ನಾಲ್ಕು ವಾರ ಬರೀ ಬೆಕ್ಕಿನ ಸುದ್ದಿ ಹೇಳಿದಳು. ಬೆಕ್ಕು ಎಲ್ಲಿ ಮಲಗುತ್ತಿತ್ತು, ಅದರ ಬಾಲ ಎಷ್ಟು ಉದ್ದ. ಅವಳಪ್ಪನಿಗೆ ಗೊತ್ತಾಗಿದ್ದರೆ ನನ್ನ ಫೀಸು ವಾಪಸ್ ಕೇಳುತ್ತಿದ್ದರೇನೋ. ಐದನೇ ವಾರ ಹೊತ್ತು ಮುಗಿಯಿತು, ಎದ್ದಳು, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟಳು. ಬೆನ್ನು ನನ್ನ ಕಡೆಗೇ ಇತ್ತು. ‘ಅದು ಸತ್ತಾಗಿಂದ ಅಮ್ಮನೂ ಸತ್ತುಹೋಗ್ತಾಳೆ ಅನ್ಸುತ್ತೆ. ಅದಕ್ಕೇ ಶಾಲೆಗೆ ಹೋಗೋಕೆ ಆಗಲ್ಲ’ ಅಂದು ಹೊರಟೇಹೋದಳು. ಮುಖ್ಯವಾದ ಮಾತು ಬಾಗಿಲ ಹತ್ತಿರವೇ ಬರುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಉತ್ತರ ಕೇಳದೆ ಓಡಿಹೋಗಬಹುದಲ್ಲ!

ಇನ್ನು ನಿಮ್ಮ ಮಗಳ ವಿಷಯ. ಪರೀಕ್ಷೆ ಭಯಕ್ಕೆ ಸಾಮಾನ್ಯವಾಗಿ ಮಾಡುವುದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ), ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಬದಲಾಯಿಸಲು ಕಲಿಸುವ ಮಾತಿನ ಚಿಕಿತ್ಸೆ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ದಾರಿ ಅದು. ಭಯ ಹುಟ್ಟುವ ಗಳಿಗೆಯಲ್ಲಿ ತಲೆಯಲ್ಲಿ ಮಿಂಚಿ ಹೋಗುವ ಯೋಚನೆಯನ್ನು ಹಿಡಿದು ಕಾಗದದ ಮೇಲೆ ಇಡುವುದರಿಂದ ಅದು ಶುರುವಾಗುತ್ತದೆ. ‘ಫೇಲಾದರೆ ಎಲ್ಲ ಮುಗೀತು’ ಅಂತ ಬರೆದರೆ ಮುಂದಿನ ಪ್ರಶ್ನೆ, ಎಲ್ಲ ಅಂದರೆ ಏನೇನು? ಪಟ್ಟಿ ಮಾಡೋಣ. ಪಟ್ಟಿ ಮೂರನೇ ಸಾಲಿಗೇ ನಿಂತುಹೋಗುವುದುಂಟು.

ಆಮೇಲೆ ಭಯದ ಏಣಿ. ಮೊದಲ ಮೆಟ್ಟಿಲು, ಹಳೇ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ಕೂರುವುದು. ಮುಂದಿನದು, ಒಂದೇ ಪ್ರಶ್ನೆಗೆ ಗಡಿಯಾರ ಇಟ್ಟು ಉತ್ತರ ಬರೆಯುವುದು. ಹೀಗೆ ಮೇಲಕ್ಕೆ. ಶಾಲೆ ತಪ್ಪಿಸಿದ ದಿನ ಹೊಟ್ಟೆನೋವು ಮಾಯವಾಗುತ್ತದೆ ಅಲ್ವಾ? ಅದು ನಾಟಕವಲ್ಲ. ನೋವು ನಿಜ, ಹಾಯೆನಿಸುವುದೂ ನಿಜ. ಆ ಹಾಯೇ ಮುಂದಿನ ಸಲ ಮತ್ತೆ ತಪ್ಪಿಸಿಕೋ ಅಂತ ಕಲಿಸುತ್ತದೆ. ಏಣಿ ಆ ಪಾಠವನ್ನು ತಿರುಗಿಸುತ್ತದೆ. ಹತ್ತುವಾಗ ಅವಳು ಮೊದಲಿಗಿಂತ ಜಾಸ್ತಿ ಸಿಡಿಮಿಡಿ ಮಾಡಬಹುದು. ಕೆಲಸ ನಡೆಯುತ್ತಿದೆ ಅಂತ ತಿಳಿಯಿರಿ. ಪೂರ್ತಿ ಆಗಲು 12ರಿಂದ 20 ವಾರ ಹಿಡಿಯುವುದು ಸಾಮಾನ್ಯ. ನೀವು ಹೆಚ್ಚೆಂದರೆ ಅರ್ಧ ದಾರಿಯಲ್ಲಿದ್ದೀರಿ.

ನೀವು ಕೇಳಬಹುದಾದ ಪ್ರಶ್ನೆಗಳೂ ಇವೆ. ಕೌನ್ಸೆಲರ್ ಹತ್ತಿರ ‘ಅವಳು ಏನು ಹೇಳಿದಳು’ ಬಿಟ್ಟು, ‘ನಮ್ಮ ಗುರಿ ಏನು, ಸುಧಾರಿಸುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ, ಬೆಳಿಗ್ಗೆ ಅವಳು ಹೊಟ್ಟೆ ಹಿಡಿದುಕೊಂಡು ಕೂತಾಗ ನಾನು ಏನು ಮಾಡಬೇಕು’ ಅಂತ ಕೇಳಿ. ಇವಕ್ಕೆ ಉತ್ತರ ಪಡೆಯುವ ಹಕ್ಕು ನಿಮಗಿದೆ. ತಿಂಗಳಿಗೊಮ್ಮೆ ಮೂವರೂ ಒಟ್ಟಿಗೆ ಕೂರಲು ಆಗುತ್ತದಾ ಅಂತಲೂ ಕೇಳಿ, ಮಗಳ ಒಪ್ಪಿಗೆ ಪಡೆದು.

ಮಗಳಿಗೆ? ಹೊರಗೆ ಬಂದ ಮೇಲಿನ ಅರ್ಧ ಗಂಟೆ ಏನೂ ಕೇಳಬೇಡಿ. ‘ಹಸಿವಾಗಿದೆಯಾ?’ ಅಂದರೆ ಸಾಕು. ಈ ವಯಸ್ಸಿನವರು ಎದುರುಬದುರು ಕೂತರೆ ಬಾಯಿ ಬಿಡುವುದಿಲ್ಲ. ಪಕ್ಕದಲ್ಲಿ ಕೂತು ಇಬ್ಬರೂ ರಸ್ತೆ ನೋಡುತ್ತಿದ್ದರೆ ತಾವಾಗಿಯೇ ಶುರು ಮಾಡುತ್ತಾರೆ.

ಪ್ರಶ್ನೆ: 17 ವರ್ಷದ ಮಗನಿಗೆ ಖಿನ್ನತೆ ಅಂತ ಮನೋವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ಜೊತೆಗೆ ಥೆರಪಿಗೂ ಹೋಗಲು ಹೇಳಿದ್ದಾರೆ. ಮಾತ್ರೆ ಅಭ್ಯಾಸವಾಗಿಬಿಡುತ್ತದೆ, ಬರೀ ಮಾತಿನಲ್ಲೇ ಮುಗಿಸಿ ಅಂತ ನೆಂಟರ ಸಲಹೆ.

ಉತ್ತರ: ಖಿನ್ನತೆ ಸಣ್ಣಗಿದ್ದರೆ ಮೊದಲು ಬರೀ ಥೆರಪಿ ಮಾಡಿ ನೋಡುವುದೇ ವಾಡಿಕೆ. ವೈದ್ಯರು ಎರಡೂ ಬೇಕು ಅಂದಿದ್ದಾರೆ ಅಂದರೆ ಅದು ಆ ಹಂತ ದಾಟಿರಬೇಕು.

ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರೆಲ್ಲರ ಖಿನ್ನತೆ ಮಧ್ಯಮ ಅಥವಾ ತೀವ್ರ ಮಟ್ಟದ್ದು. 12 ವಾರದ ಹೊತ್ತಿಗೆ ಫ್ಲುಯೊಕ್ಸೆಟಿನ್ ಮಾತ್ರೆ, ಸಿಬಿಟಿ ಎರಡೂ ಪಡೆದವರಲ್ಲಿ 100ಕ್ಕೆ 71 ಮಂದಿ ಸುಧಾರಿಸಿದ್ದರು. ಬರೀ ಮಾತ್ರೆಯಲ್ಲಿ 61, ಬರೀ ಸಿಬಿಟಿಯಲ್ಲಿ 43, ಔಷಧವಿಲ್ಲದ ಸುಳ್ಳು ಮಾತ್ರೆಯಲ್ಲಿ 35. 36 ವಾರ ಕಳೆಯುವಾಗ ಮೊದಲ ಮೂರು ಗುಂಪುಗಳ ಅಂತರ ಬಹುಪಾಲು ಮುಚ್ಚಿಹೋಗಿತ್ತು. ಅಂದರೆ ಮಾತು ನಿಧಾನಕ್ಕೆ ಬಂದು ಮುಟ್ಟುತ್ತದೆ, ಮಾತ್ರೆ ಬೇಗ ಕೈಹಿಡಿಯುತ್ತದೆ. ನಿಮ್ಮ ಹುಡುಗ ಹಾಸಿಗೆಯಿಂದಲೇ ಏಳುತ್ತಿಲ್ಲ ಅಂದರೆ ಥೆರಪಿಗೆ ಬಂದು ಕೂರುವ ಶಕ್ತಿಯಾದರೂ ಬೇಕಲ್ಲ.

ಖಿನ್ನತೆಯ ಮಾತ್ರೆಗಳು ಮದ್ಯದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ತಲೆಸುತ್ತು, ಚಡಪಡಿಕೆ ಶುರುವಾಗಬಹುದು. ನೆಂಟರು ಹೇಳದ ಒಂದು ಎಚ್ಚರಿಕೆ ನಾನು ಹೇಳುತ್ತೇನೆ. ಮೊದಲ ಕೆಲವು ವಾರ, ಮತ್ತು ಡೋಸ್ ಬದಲಾದಾಗ, ಕೆಲವು ಹದಿಹರೆಯದವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಈ ಮಾತ್ರೆಗಳ ಮೇಲೆ ದೊಡ್ಡ ಎಚ್ಚರಿಕೆ ಹಾಕಿಸಿದರು. 2007ರಲ್ಲಿ ಅದನ್ನು 24 ವರ್ಷದವರೆಗೂ ವಿಸ್ತರಿಸಿದರು. ಮಾತ್ರೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ಅವನ ಮೇಲೆ ಒಂದು ಕಣ್ಣಿಡಿ. ನಿದ್ದೆ ಕೆಟ್ಟು ತಳಮಳ ಜಾಸ್ತಿಯಾದರೆ ಮುಂದಿನ ಭೇಟಿಗೆ ಕಾಯದೆ ಅವತ್ತೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನನಗೆ 21. ಮೂರು ಸಲ ಕೌನ್ಸೆಲಿಂಗ್‌ಗೆ ಹೋದೆ. ನಾನು ಹೇಳುತ್ತೇನೆ, ಅವರು ‘ಹೂಂ, ಆಮೇಲೆ?’ ಅನ್ನುತ್ತಾರೆ. ಹೋದ ಹಾಗೇ ವಾಪಸ್ ಬರುತ್ತೇನೆ. ಬೇರೆಯವರನ್ನು ನೋಡಲಾ, ಬಿಟ್ಟೇಬಿಡಲಾ?

ಉತ್ತರ: ಎರಡಕ್ಕೂ ಮೊದಲು ನಾಲ್ಕನೇ ಸಲ ಹೋಗಿ ಇದೇ ಮಾತನ್ನು ಅವರಿಗೆ ಹೇಳಿ.

ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಥೆರಪಿಯ ಸಂಬಂಧವನ್ನು ಮೂರಾಗಿ ಬಿಡಿಸಿಟ್ಟರು: ನಂಟು, ಗುರಿ, ಅಲ್ಲಿಗೆ ಹೋಗಲು ಮಾಡುವ ಕೆಲಸ. ನಿಮ್ಮ ಪತ್ರದಲ್ಲಿ ನಂಟಿನ ಬಗ್ಗೆ ದೂರಿಲ್ಲ, ಗುರಿಯ ಸುದ್ದಿಯೇ ಇಲ್ಲ. ‘ಮನಸ್ಸು ಸರಿಯಿಲ್ಲ’ ಅನ್ನುವುದು ಗುರಿಯಲ್ಲ. ‘ರಾತ್ರಿ 3ರವರೆಗೆ ಫೋನ್ ಹಿಡಿದು ಬಿದ್ದಿರುತ್ತೇನೆ, ವಾರಕ್ಕೆ ನಾಲ್ಕು ದಿನವಾದರೂ ಬೆಳಗಿನ ಕ್ಲಾಸಿಗೆ ಹೋಗಬೇಕು’ ಅನ್ನುವುದು ಗುರಿ. ಅದನ್ನು ಇಬ್ಬರೂ ಕೂತು ಬರೆಯಿರಿ.

ನಾನೂ ಎಡವಿದ್ದೇನೆ. ಒಬ್ಬ ಹುಡುಗನಿಗೆ ಮೂರು ವಾರ ಬರೆಯುವ ಹಾಳೆ ಕೊಟ್ಟು ಕಳಿಸಿದೆ, ಮೂರು ವಾರವೂ ಖಾಲಿ ವಾಪಸ್ ತಂದ. ನಾನು ಮನಸ್ಸಿನಲ್ಲೇ ‘ಇವನಿಗೆ ಆಸಕ್ತಿ ಇಲ್ಲ’ ಅಂತ ಷರಾ ಬರೆದಾಗಿತ್ತು. ನಾಲ್ಕನೇ ವಾರ ಅವನೇ, ‘ಮೇಡಂ, ನನಗೆ ಬರೆಯೋದು ಅಂದ್ರೆ ಆಗಲ್ಲ. ಶಾಲೆಯಲ್ಲಿ ಅಕ್ಷರ ನೋಡಿ ನಗೋರು’ ಅಂದ. ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡು ಅಂದೆ. ಮುಂದಿನ ವಾರ ಏಳು ರೆಕಾರ್ಡಿಂಗ್ ತಂದಿದ್ದ. ಅವನು ಹೇಳದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನೀವು ಹೇಳಿದಾಗ ನಿಮ್ಮ ಕೌನ್ಸೆಲರ್ ಮುಖ ನೋಡಿ. ಪೆನ್ನು ಕೆಳಗಿಟ್ಟು ‘ಏನು ಬದಲಾಯಿಸೋಣ?’ ಅಂದರೆ ಇನ್ನೊಂದು ನಾಲ್ಕು ಸಲ ಹೋಗಿ. ಮುನಿಸಿಕೊಂಡರೆ ಬೇರೆಯವರನ್ನು ಹುಡುಕಿ. ನಿಮ್ಮ ಮಾತಿಗೆ ನಗುವವರು, ನೀತಿಪಾಠ ಹೇಳುವವರು, ಗ್ಯಾರಂಟಿ ವಾಸಿ ಮಾಡುತ್ತೇನೆ ಅನ್ನುವವರು, ‘ಹೊರಗೆಲ್ಲಾದರೂ ಭೇಟಿಯಾಗೋಣ’ ಅನ್ನುವವರ ಹತ್ತಿರ ಮಾತ್ರ ಇನ್ನೊಂದು ಸಲವೂ ಬೇಡ. ಬಿಡುವಾಗ ಕಾರಣ ಕೊಡಬೇಕಾಗಿಯೂ ಇಲ್ಲ.