ಕೇಕು ಮಾಡೋದು ಇಷ್ಟ, ಅತ್ತಿಗೆಗೆ ‘ಆಗಲ್ಲ’ ಅನ್ನೋದು ಕಷ್ಟ

ಪ್ರಶ್ನೆ: ನನಗೆ 36 ವರ್ಷ. ಶಿವಮೊಗ್ಗದಲ್ಲಿ ಗಂಡ, ಅತ್ತೆ, ಒಂಬತ್ತು ವರ್ಷದ ಮಗಳ ಜೊತೆ ಇದ್ದೇನೆ. 2020ರ ಲಾಕ್‌ಡೌನಿನಲ್ಲಿ ಕುಕ್ಕರಿಗೆ ಉಪ್ಪು ಹಾಕಿ ಅದರ ಮೇಲೆ ಪಾತ್ರೆ ಇಟ್ಟು ಕೇಕು ಮಾಡಲು ಕಲಿತೆ. ಎಲ್ಲರೂ ಹೊಗಳಿದರು. ಆಮೇಲೆ 28 ಲೀಟರಿನ ಓಟಿಜಿ ಓವನ್ ತಗೊಂಡೆವು. ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಓವನ್ ಹಿಂದಿನ ವರಾಂಡದಲ್ಲಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಲ್ಲೇ ಕೂತು ಕೇಕು ಮಾಡುತ್ತೇನೆ. ಈಗ ನಮ್ಮವರ ಕಡೆ ಯಾರದೇ ಹುಟ್ಟುಹಬ್ಬ, ವಾರ್ಷಿಕೋತ್ಸವ ಇರಲಿ, ಕೇಕು ನನ್ನದೇ. ಯಾರೂ ಕೇಳುವುದಿಲ್ಲ, ಎಷ್ಟು ಕೆ.ಜಿ. ಅಂತ ಹೇಳುತ್ತಾರೆ ಅಷ್ಟೆ. ಮೊನ್ನೆ ದಾವಣಗೆರೆಯ ಅತ್ತಿಗೆ (ನಮ್ಮವರ ಅಕ್ಕ) ಮನೆಗೆ ಎರಡು ರಾತ್ರಿ ನಿದ್ದೆಗೆಟ್ಟು ಕೇಕು ಮಾಡಿಕೊಂಡು ಹೋದೆ. ಯಾರೋ ಹೊಗಳಿದ್ದಕ್ಕೆ ಅತ್ತಿಗೆ, ‘ಮನೇಲೇ ಇರ್ತಾಳಲ್ಲ, ಟೈಂಪಾಸಿಗೆ ಮಾಡ್ತಾಳೆ’ ಅಂದರು. ಅದಾದ ನಾಲ್ಕನೇ ದಿನ ನನ್ನ ಮಗಳ ಹುಟ್ಟುಹಬ್ಬ. ನನಗೆ ಕೈ ಎತ್ತಲೂ ಆಗದೆ ಬೇಕರಿಯಿಂದ ಕೇಕು ತರಿಸಿದೆ. ಮಗಳು ‘ಅಮ್ಮಾ, ನಾನೂ ನಿಂಗೆ ಮುಂಚೆನೇ ಹೇಳಬೇಕಿತ್ತಾ?’ ಅಂತ ಕೇಳಿದಳು. ಈಗ ಮುಂದಿನ ತಿಂಗಳು ಅತ್ತಿಗೆ ಮಗಳ ನಿಶ್ಚಿತಾರ್ಥ. 120 ಜನಕ್ಕೆ ಮೂರು ಅಂತಸ್ತಿನ ಕೇಕು ಬೇಕಂತೆ. ನಮ್ಮವರು ನನ್ನನ್ನು ಕೇಳದೆ ಒಪ್ಪಿದ್ದಾರೆ. ದುಡ್ಡು ಕೇಳಲಾ? ಕೇಳಿದರೆ ಸಂಬಂಧ ಕೆಡುತ್ತದಾ? ನಿಜ ಹೇಳಬೇಕೆಂದರೆ ಈಗ ಆ ಓವನ್ ನೋಡಿದರೆ ಸಿಟ್ಟು ಬರುತ್ತದೆ.

ಉತ್ತರ: ಮೊದಲು ಅವಸರದ್ದು ಮುಗಿಸೋಣ. ಆ ನಿಶ್ಚಿತಾರ್ಥದ ಕೇಕು ನೀವು ಮಾಡಬೇಡಿ. ದುಡ್ಡು ಕೊಟ್ಟರೂ ಮಾಡಬೇಡಿ.

ಬೇಜಾರಾಗಿದೆ ಅನ್ನುವುದು ಒಂದು ಕಡೆ ಇರಲಿ, ಆ ಕೇಕು ನಿಮ್ಮ ಮನೆಯಲ್ಲಿ ಆಗುವಂಥದ್ದೇ ಅಲ್ಲ. ಒಂದು ಕೆ.ಜಿ. ಕೇಕು ಹತ್ತು ಹನ್ನೆರಡು ಜನಕ್ಕೆ ಬರುತ್ತದೆ. 120 ಜನ ಅಂದರೆ ಹತ್ತು ಕೆ.ಜಿ. ಮೇಲಾಯಿತು. ನಿಮ್ಮ ಓಟಿಜಿಯಲ್ಲಿ ಒಂದು ಸಲಕ್ಕೆ ಎಂಟಿಂಚಿನ ಒಂದು ಟಿನ್, ಬೇಯಲು ಮುಕ್ಕಾಲು ಗಂಟೆ. ಲೆಕ್ಕ ಹಾಕಿ ನೋಡಿ, ಬರೀ ಬೇಯಿಸುವುದಕ್ಕೇ ಒಂದು ಹಗಲು ಬೇಕು. ಮೂರು ಅಂತಸ್ತಿನ ಕೇಕಿಗೆ ಅಡಿಯದ್ದು ಹನ್ನೆರಡು ಇಂಚಾದರೂ ಇರಬೇಕಲ್ಲ, ಆ ಟಿನ್ ನಿಮ್ಮ ಓವನ್ನಿನ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿನದು ಕೆಳಗಿನದರೊಳಗೆ ಕುಸಿಯದ ಹಾಗೆ ನಡುವೆ ಕಡ್ಡಿ ನಿಲ್ಲಿಸಬೇಕು. ಕ್ರೀಮು ಹಾಕಿದ ಕೇಕನ್ನು ತಣ್ಣಗಿಡಬೇಕು, ಅಷ್ಟು ದೊಡ್ಡದು ಮನೆ ಫ್ರಿಜ್ಜಿನಲ್ಲಿ ಹಿಡಿಸಲ್ಲ. ಇಷ್ಟೆಲ್ಲ ಆದ ಮೇಲೆ ಅದನ್ನು ತೊಡೆ ಮೇಲೆ ಇಟ್ಟುಕೊಂಡು, ಒಂದೊಂದು ರೋಡ್ ಹಂಪ್‌ಗೂ ದೇವರ ಹೆಸರು ಹೇಳುತ್ತಾ ದಾವಣಗೆರೆ ಮುಟ್ಟಬೇಕು.

ಈ ಲೆಕ್ಕ ನಿಮ್ಮ ಯಜಮಾನರಿಗೆ. ಟೇಪು ತಂದು ಓವನ್ನಿನ ಒಳಗೆ ಅಳೆದು ತೋರಿಸಿ. ಅವರೇನು ಕೆಟ್ಟವರಲ್ಲ ಅನಿಸುತ್ತದೆ ನಿಮ್ಮ ಪತ್ರ ಓದಿದರೆ. ಅವರಿಗೆ ಗೊತ್ತಿಲ್ಲ, ಅಷ್ಟೆ. ಅತ್ತಿಗೆಗೆ ಮಾತ್ರ ಈ ಲೆಕ್ಕ ಹೇಳಬೇಡಿ. ಓವನ್ ಚಿಕ್ಕದು ಅಂದರೆ ‘ನಮ್ಮ ಪಕ್ಕದ ಮನೆಯವರದ್ದು ದೊಡ್ಡದಿದೆ, ಎರಡು ದಿನ ಮುಂಚೆನೇ ಬಂದುಬಿಡು’ ಅನ್ನುತ್ತಾರೆ. ಆಮೇಲೆ ನೀವು ಗೊತ್ತಿಲ್ಲದವರ ಅಡುಗೆಮನೆಯಲ್ಲಿ ರಾತ್ರಿ ಹನ್ನೆರಡಕ್ಕೆ ಕ್ರೀಮು ಕಡೆಯುತ್ತಿರುತ್ತೀರಿ.

ಒಪ್ಪಿದ್ದು ಯಜಮಾನರು, ಅವರೇ ಫೋನ್ ಮಾಡಿ ಬಿಡಿಸಿಕೊಳ್ಳಲಿ ಅಂತ ನಿಮಗೆ ಅನಿಸಬಹುದು. ಬೇಡ. ಅವರು ‘ಅಕ್ಕಾ, ಇವಳು ಯಾಕೋ ಆಗಲ್ಲ ಅಂತಾಳೆ’ ಅಂತ ಶುರು ಮಾಡುತ್ತಾರೆ. ಅಲ್ಲಿಗೆ ಕೇಕಿನ ಮಾತು ಹೋಗಿ ನಿಮ್ಮ ಮಾತಾಗುತ್ತದೆ. ಅವರಿಗೆ ತಿಳಿಸಿ, ಆದರೆ ಫೋನ್ ನೀವೇ ಮಾಡಿ. ಈ ವಾರವೇ ಮಾಡಿ, ಅವರಿಗೂ ಬೇರೆ ಕಡೆ ಹೇಳಲು ಟೈಮ್ ಬೇಕಲ್ವಾ.

‘ಅತ್ತಿಗೆ, ನಿಶ್ಚಿತಾರ್ಥದ ಕೇಕು ನನ್ನ ಕೈಲಿ ಆಗಲ್ಲ. ನಿಮ್ಮೂರಲ್ಲೇ ಒಳ್ಳೇ ಬೇಕರಿಗೆ ಈಗಲೇ ಹೇಳಿಬಿಡಿ. ನಾನು ಹಿಂದಿನ ದಿನ ಬಂದು ಬೇರೆ ಕೆಲಸಕ್ಕೆ ಇರ್ತೀನಿ.’ ಇಷ್ಟೇ. ಅವರು ಯಾಕೆ ಅನ್ನುತ್ತಾರೆ. ‘ಆಗಲ್ಲ ಅತ್ತಿಗೆ, ಅಷ್ಟು ದೊಡ್ಡದು ನನಗೆ ಬರಲ್ಲ’ ಅನ್ನಿ. ಇನ್ನೊಂದು ಸಲ ಕೇಳುತ್ತಾರೆ. ಇನ್ನೊಂದು ಸಲ ಅದೇ ಅನ್ನಿ. ನಡುವೆ ಮೌನ ಬಂದರೆ ಬರಲಿ, ಅದನ್ನು ತುಂಬಿಸಲು ಹೋಗಬೇಡಿ. ನಾವು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ‘ಹೋಗ್ಲಿ, ಕಪ್‌ಕೇಕು ಮಾಡ್ಕೊಡ್ಲಾ?’ ಅಂತ ಬಾಯಿಗೆ ಬಂದುಬಿಡುತ್ತದೆ. ನೂರಿಪ್ಪತ್ತು ಕಪ್‌ಕೇಕು!

ಸುಳ್ಳು ಮಾತ್ರ ಹೇಳಬೇಡಿ. ಇದು ಅನುಭವದ ಮಾತು. ನನ್ನ ಚಕ್ಕುಲಿಗೂ ನಿಮ್ಮ ಕೇಕಿನಂಥದೇ ಹೆಸರಿತ್ತು. ದೀಪಾವಳಿ ಬಂತೆಂದರೆ ಮೂರು ಮನೆಗೆ ನಾನೇ. ಒಂದು ವರ್ಷ ಸಾಕಾಗಿ, ಮಣಿಕಟ್ಟು ಉಳುಕಿದೆ ಅಂದುಬಿಟ್ಟೆ. ಮೈದುನ ಅರ್ಧ ಗಂಟೆಯಲ್ಲಿ ಮುಲಾಮು, ಕ್ರೇಪ್ ಬ್ಯಾಂಡೇಜು ಎರಡೂ ಹಿಡಿದುಕೊಂಡು ಬಂದ. ತಾನೇ ಸುತ್ತಿದ. ಆ ಹಬ್ಬ ಪೂರ್ತಿ ಬ್ಯಾಂಡೇಜಿನ ಕೈಯಲ್ಲಿ ನೀರು ತುಂಬಿಸಿದೆ, ದೀಪ ಹಚ್ಚಿದೆ. ಫೋಟೋದಲ್ಲೂ ಹಾಗೇ ಇದ್ದೇನೆ. ಮುಂದಿನ ವರ್ಷ ಎಲ್ಲರೂ ಕೇಳಿದ್ದು ಒಂದೇ, ‘ಕೈ ವಾಸಿ ಆಯ್ತಲ್ಲ, ಈ ಸಲ ಜಾಸ್ತಿ ಮಾಡ್ತೀಯಾ?’

ಈಗ ದುಡ್ಡಿನ ವಿಷಯ. ಹೊರಗಿನವರ ಹತ್ತಿರ ತಗೊಳ್ಳಿ, ನಾಚಿಕೆ ಬೇಡ. ಹಾಗೆ ಮಾರುವುದೇ ಆದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಮನೆಯಿಂದ ಮಾರುವವರಿಗೂ ಅದು ಬೇಕು. ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಮನೆಯವರ ಹತ್ತಿರ ಮಾತ್ರ ತಗೊಳ್ಳಬೇಡಿ. ಪ್ರೀತಿಗೆ ಬೆಲೆ ಕಟ್ಟಬಾರದು ಅಂತೆಲ್ಲ ನಾನು ಹೇಳುತ್ತಿಲ್ಲ. ನನ್ನ ಯೋಚನೆ ಬೇರೆ. ಒಂದು ಸಲ ದುಡ್ಡು ಕೊಟ್ಟರೆ ಅತ್ತಿಗೆ ಗಿರಾಕಿ ಆಗುತ್ತಾರೆ. ಗಿರಾಕಿ ಆದಮೇಲೆ ಸಿಹಿ ಕಮ್ಮಿ, ಬಣ್ಣ ಮಂಕು, ಬೇಕರಿಯಲ್ಲಿ ಇದಕ್ಕಿಂತ ನೂರು ರೂಪಾಯಿ ಕಮ್ಮಿಗೆ ಸಿಗುತ್ತಿತ್ತು ಅನ್ನಲು ದಾರಿ ಆಯಿತು. ಅದೂ ಅಲ್ಲದೆ, ದುಡ್ಡು ಕೊಟ್ಟವರಿಗೆ ಆಗಲ್ಲ ಅನ್ನುವುದು ಇನ್ನೂ ಕಷ್ಟ. ನೆಂಟರಿಗೆ ಮಾಡಿದರೆ ಉಡುಗೊರೆಯಾಗಿ ಮಾಡಿ, ಇಲ್ಲ ಮಾಡಲೇಬೇಡಿ. ಉಡುಗೊರೆ ಅಂದಮೇಲೆ ಯಾವುದು, ಎಷ್ಟು, ಯಾವಾಗ ಅನ್ನುವುದು ಕೊಡುವವರ ಇಷ್ಟ. ‘ಮಾವನ ಎಂಬತ್ತಕ್ಕೆ ನಾನು ಕೇಕು ತರ್ತೀನಿ’ ಅಂತ ನೀವೇ ಮೊದಲು ಹೇಳುವುದಕ್ಕೂ, ‘ಮೂರು ಕೆ.ಜಿ. ಸಾಕು ಕಣೇ’ ಅಂತ ಅವರು ಫೋನಿನಲ್ಲಿ ಹೇಳುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅತ್ತಿಗೆಯ ಮಾತಲ್ಲ, ಆ ವರಾಂಡ.

ನಿಮ್ಮ ಮನೆಯಲ್ಲಿ ಯುಗಾದಿ ಹೋಳಿಗೆ ಹೇಗೆ ಆಗುತ್ತದೆ ಜ್ಞಾಪಿಸಿಕೊಳ್ಳಿ. ಕಡಲೆಬೇಳೆ ಬೇಯುವ ವಾಸನೆಗೇ ಮನೆಯೆಲ್ಲ ಏಳುತ್ತದೆ. ಕಣಕ ನಾದಿ ಎಣ್ಣೆಯಲ್ಲಿ ಬಿಟ್ಟಿರುತ್ತಾರೆ. ಒಬ್ಬರು ಹೂರಣದ ಉಂಡೆ ಕಟ್ಟುತ್ತಾರೆ, ಒಬ್ಬರು ಎಲೆ ಮೇಲೆ ತಟ್ಟುತ್ತಾರೆ, ಒಬ್ಬರು ಕಾವಲಿ ಮುಂದೆ ಬೆವರು ಒರೆಸಿಕೊಳ್ಳುತ್ತಾರೆ. ಮಕ್ಕಳು ಹೂರಣ ಕದಿಯುತ್ತವೆ. ಊಟಕ್ಕೆ ಕೂತ ಗಂಡಸರಿಗೂ ಗೊತ್ತಿರುತ್ತದೆ, ಇದರ ಹಿಂದೆ ಬೆಳಗಿನಿಂದ ನಾಲ್ಕು ಜನ ಇದ್ದಾರೆ ಅಂತ. ನಿಮ್ಮತ್ತೆಗೆ ಯಾರಾದರೂ ಫೋನ್ ಮಾಡಿ ‘ನಾಳೆಗೆ ನೂರಿಪ್ಪತ್ತು ಹೋಳಿಗೆ ಕಳಿಸಿ’ ಅಂದಿದ್ದಾರಾ? ಅನ್ನುವ ಧೈರ್ಯ ಇಲ್ಲ. ಎಲ್ಲರೂ ಒಂದಲ್ಲ ಒಂದು ಸಲ ಆ ಕಾವಲಿ ಮುಂದೆ ಕೂತಿದ್ದಾರೆ.

ನಿಮ್ಮ ಕೇಕು ಹಾಗಲ್ಲ. ರಾತ್ರಿ ಹತ್ತರ ಮೇಲೆ, ಬಾಗಿಲು ಹಾಕಿದ ವರಾಂಡದಲ್ಲಿ, ಬೀಟರಿನ ಸದ್ದಿಗೆ ಯಾರೂ ಏಳಬಾರದು ಅಂತ ಕೆಳಗೆ ಬಟ್ಟೆ ಮಡಚಿ ಇಟ್ಟುಕೊಂಡು (ಇಟ್ಟೇ ಇರುತ್ತೀರಿ, ನನಗೆ ಗೊತ್ತು) ಮಾಡುತ್ತೀರಿ. ಬೆಳಿಗ್ಗೆ ಏಳುವ ಹೊತ್ತಿಗೆ ಪಾತ್ರೆ ತೊಳೆದಾಗಿದೆ, ಕೇಕು ಡಬ್ಬಿಯಲ್ಲಿ ಕೂತಿದೆ. ನೋಡಿದವರಿಗೆ ಅದು ತಾನಾಗೇ ಬಂದ ಹಾಗೆ ಕಾಣುತ್ತದೆ. ಟೈಂಪಾಸು ಅಂದ ಅತ್ತಿಗೆಯದು ಕೆಟ್ಟ ಮಾತು, ನಾನು ಸಮರ್ಥಿಸುವುದಿಲ್ಲ. ಆದರೆ ನೀವು ಮೈದಾ ಜರಡಿ ಹಿಡಿಯುವುದನ್ನು ಅವರು ಒಂದು ದಿನವೂ ನೋಡಿಲ್ಲ.

ಹಾಗಾಗಿ ನಾನು ಹೇಳುವುದು, ಓವನ್ ಅಡುಗೆಮನೆಗೆ ಬರಲಿ. ಕೆಲಸ ಹಗಲಿಗೆ ಬರಲಿ. ಅದಕ್ಕೆ ಅಡ್ಡ ಇರುವುದು ಮೊಟ್ಟೆ ತಾನೇ? ಮನೆ ಮಟ್ಟಿಗೆ ಮೊಟ್ಟೆ ಬಿಟ್ಟುಬಿಡಿ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆಗೆದದ್ದು 1898ರಲ್ಲಿ. ಆಮೇಲೆ ಅಯ್ಯಂಗಾರ್ ಬೇಕರಿ ಇಲ್ಲದ ಊರೇ ಇಲ್ಲ ಅನ್ನುವ ಹಾಗಾಯಿತು. ಆ ಬೋರ್ಡು ಕಂಡರೆ ಮೊಟ್ಟೆ ತಿನ್ನದವರು ಧೈರ್ಯವಾಗಿ ಕೇಕು ಕೊಳ್ಳುತ್ತಾರೆ. ನಿಮ್ಮತ್ತೆಯೂ ಎಲ್ಲೋ ಒಂದು ಬಸ್‌ಸ್ಟಾಂಡಿನಲ್ಲಿ ಆ ಹನಿಕೇಕು ತಿಂದೇ ಇರುತ್ತಾರೆ, ಕೇಳಿ ನೋಡಿ. ಹೊಸ ಟಿನ್ನು, ಹೊಸ ಬಟ್ಟಲು ತನ್ನಿ. ಓವನ್ನಿನ ಜಾಲರಿ, ತಟ್ಟೆ ಅವರೆದುರಿಗೇ ಉಜ್ಜಿ ತೊಳೆಯಿರಿ. ಅಷ್ಟಾದರೂ ಬೇಡ ಅಂದರೆ ಕುಕ್ಕರ್ ಇದ್ದೇ ಇದೆ.

ಅವರನ್ನು ಕೂರಿಸಿಕೊಂಡು ಮಾಡುವುದಕ್ಕೆ ರವೆ ಕೇಕು ಒಳ್ಳೆಯದು. ಒಂದೂವರೆ ಕಪ್ ಚಿರೋಟಿ ರವೆ, ಒಂದು ಕಪ್ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಹಾಲು, ಕಾಲು ಕಪ್ಪಿಗಿಂತ ಸ್ವಲ್ಪ ಜಾಸ್ತಿ ತುಪ್ಪ. ಎಲ್ಲ ಕಲಸಿ ಅರ್ಧ ಗಂಟೆ ಬಿಡಿ, ರವೆ ನೆನೆದು ಉಬ್ಬುತ್ತದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಅನಿಸಿದರೆ ಇನ್ನೊಂದು ಚೂರು ಹಾಲು. ಏಲಕ್ಕಿ ಅತ್ತೆಯೇ ಕುಟ್ಟಲಿ. ಒಂದು ಟೀ ಚಮಚ ಬೇಕಿಂಗ್ ಪೌಡರು, ಕಾಲು ಚಮಚ ಅಡುಗೆ ಸೋಡಾ ಮಾತ್ರ ಕಟ್ಟಕಡೆಗೆ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಬುರುಗುಟ್ಟಲು ಶುರುವಾಗುತ್ತದೆ, ಕೇಕು ಮೇಲೇಳುವುದು ಆ ಗುಳ್ಳೆಗಳಿಂದಲೇ. ಹಾಕಿ ಮಾತಾಡುತ್ತಾ ಕೂತರೆ ಗಾಳಿ ಹೋಗಿ ಕೇಕು ಕಲ್ಲಾಗುತ್ತದೆ. ಓವನ್ ಮೊದಲೇ 180 ಡಿಗ್ರಿಗೆ ಕಾದಿರಬೇಕು. ಮೂವತ್ತೈದು ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿ. ನಿಮಗೆ ಇದೆಲ್ಲ ಗೊತ್ತು, ಬರೆದದ್ದು ಅತ್ತೆಗೆ ಓದಿ ಹೇಳಲಿ ಅಂತ.

ಅತ್ತಿಗೆ ಮುಂದಿನ ಸಲ ಶಿವಮೊಗ್ಗಕ್ಕೆ ಬಂದಾಗಲೂ ಹೀಗೇ ಹಗಲಲ್ಲಿ ಹಿಡಿಯಿರಿ. ‘ಅತ್ತಿಗೆ, ಈ ಬೆಣ್ಣೆ ಸಕ್ಕರೆ ಬೆಳ್ಳಗಾಗೋವರೆಗೆ ಕಡೀತೀರಾ?’ ಅಂತ ಮರದ ಸೌಟು ಕೈಗೆ ಕೊಡಿ. ಬೀಟರ್ ಎತ್ತಿಡಿ! ಐದು ನಿಮಿಷಕ್ಕೆ ತೋಳು ಬದಲಾಯಿಸುತ್ತಾರೆ. ಟಿನ್ನಿಗೆ ಅಂಟಿದ ಜಿಡ್ಡು ಉಜ್ಜುವ ಕೆಲಸ ಯಜಮಾನರದ್ದು, ಅವರು ಒಪ್ಪಿಕೊಳ್ಳುವುದರಲ್ಲಿ ಜಾಣರಲ್ವಾ.

ಒಂದು ಮಾತು ನಿಮಗೂ. ‘ಎಲ್ಲರೂ ಹೊಗಳಿದರು’ ಅಂತ ಬರೆದಿದ್ದೀರಿ. ಆ ಹೊಗಳಿಕೆ ನಿಮಗೂ ಬೇಕಿತ್ತು, ತಪ್ಪೇನಿಲ್ಲ. ಮನೆಯಲ್ಲಿ ದಿನಾ ಮಾಡುವ ಸಾರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಕೇಕಿಗೆ ತಟ್ಟುತ್ತಾರೆ. ‘ಆಗಲ್ಲ’ ಅಂದಮೇಲೆ ಅದು ಸ್ವಲ್ಪ ಕಮ್ಮಿಯಾಗುತ್ತದೆ. ನಿಶ್ಚಿತಾರ್ಥದ ದಿನ ಬೇಕರಿಯ ಕೇಕನ್ನು ಜನ ಹೊಗಳುವಾಗ ನಿಮಗೆ ಚುರ್ ಅನ್ನಬಹುದು. ಅನ್ನಲಿ. ಒಂದು ತುಂಡು ಹಾಕಿಸಿಕೊಂಡು ಆರಾಮಾಗಿ ಕೂತು ತಿನ್ನಿ. ಅತ್ತಿಗೆ ಒಂದೆರಡು ತಿಂಗಳು ಮುಖ ಗಂಟಿಕ್ಕಿಕೊಂಡಿರಬಹುದು. ಮಗಳ ಮದುವೆ ಕೆಲಸ ಶುರುವಾದಾಗ ಅವರಿಗೆ ನೀವು ಬೇಕೇ ಬೇಕು, ತಾವೇ ಫೋನ್ ಮಾಡುತ್ತಾರೆ.

ಮಗಳು ಕೇಳಿದ್ದಕ್ಕೆ ನೀವೇನು ಅಂದಿರಿ ಅಂತ ಬರೆದಿಲ್ಲ. ಏನೂ ಅಂದಿರಲಿಕ್ಕಿಲ್ಲ. ಈ ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಅವಳನ್ನು ಅಡುಗೆಮನೆ ಕಟ್ಟೆ ಮೇಲೆ ಕೂರಿಸಿ. ಹುಟ್ಟುಹಬ್ಬ ಮುಗಿದಿದ್ದರೇನಂತೆ. ರವೆ ಅಳೆದು ಹಾಕುವುದು ಅವಳೇ. ಕೆಳಗೆ ಚೆಲ್ಲುತ್ತಾಳೆ, ಬೈಯಬೇಡಿ. ಸೋಡಾ ಮಾತ್ರ ನೀವೇ ಹಾಕಿ, ಆ ಕಾಲು ಚಮಚ ಮಕ್ಕಳ ಕೈಯಲ್ಲಿ ಒಂದು ಚಮಚ ಆಗಿಬಿಡುತ್ತದೆ.