ಮಂಡಿ ನೋವಿಗೆ ಚೀನೀ ಗಿಡಮೂಲಿಕೆ ಕ್ಯಾಪ್ಸೂಲ್: ಅಮ್ಮನಿಗೆ ಮುಂದುವರಿಸಬಹುದಾ?

ನೀವು ಬರೆದದ್ದು ಇಷ್ಟು: ಅಮ್ಮನಿಗೆ ಹೃದಯದ ವಾಲ್ವ್ ಆಪರೇಷನ್ ಆಗಿದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ಬಿಪಿ ಮಾತ್ರೆ ದಿನಾ ತಗೊಳ್ಳುತ್ತಾರೆ. ಮಲೇಷ್ಯಾದಿಂದ ಬಂದ ನೆಂಟರು ಮಂಡಿ ನೋವಿಗೆ ಅಂತ ಚೀನೀ ಗಿಡಮೂಲಿಕೆ ಕ್ಯಾಪ್ಸೂಲ್ ಕೊಟ್ಟರು. ವಾರದೊಳಗೆ ನೋವು ಹೋಯಿತು. ಈಗ ಎರಡು ತಿಂಗಳಾಗಿದೆ, ಹಸಿವು ಹೆಚ್ಚಿದೆ, ಮುಖ ತುಂಬಿಕೊಂಡಿದೆ, ಗಿಡಮೂಲಿಕೆ ತಾನೇ, ಇನ್ನೊಂದು ಡಬ್ಬಿ ತರಿಸಲಾ ಅಂತ ಕೇಳಿದ್ದೀರಿ.

ತರಿಸಬೇಡಿ. ಇರುವ ಡಬ್ಬಿ ಹಿಡಿದುಕೊಂಡು ಇವತ್ತೇ, ಆಗದಿದ್ದರೆ ನಾಳೆ ಬೆಳಿಗ್ಗೆಯೇ, ವಾರ್ಫರಿನ್ ಬರೆದುಕೊಡುವ ಡಾಕ್ಟರ್ ಹತ್ತಿರ ಅಮ್ಮನನ್ನು ಕರೆದುಕೊಂಡು ಹೋಗಿ.

ನಾನು ಸಿಂಗಾಪುರದಲ್ಲಿ ಫಾರ್ಮಸಿಸ್ಟ್. ನೀವು ಖುಷಿಯಿಂದ ಬರೆದ ಆ 'ಮುಖ ತುಂಬಿಕೊಂಡಿದೆ' ಅನ್ನೋ ಮಾತೇ ನನಗೆ ಭಯ ಹುಟ್ಟಿಸಿತು. ಬರೀ ಬೇರು, ತೊಗಟೆಯಿಂದ ಹಳೇ ಮಂಡಿ ನೋವು ವಾರದಲ್ಲಿ ಹೀಗೆ ಮಾಯವಾಗುವುದು ಕಷ್ಟ. ಅಷ್ಟು ಬೇಗ ನೋವು ಹೋಗಿ, ಹಸಿವು ಜಾಸ್ತಿಯಾಗಿ, ಮುಖ ಗುಂಡಗಾದರೆ ಮೊದಲು ಅನುಮಾನ ಪಡಬೇಕಾದ್ದು ಸ್ಟೀರಾಯ್ಡ್ ಮೇಲೆ. ಇಂಥ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ಜೊತೆಗೆ ನೋವಿನ ಔಷಧಿ ಬೆರೆಸಿರುವುದು ಪತ್ತೆಯಾಗಿದೆ ಅಂತ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್‌ಎಸ್‌ಎ ಮತ್ತೆ ಮತ್ತೆ ಎಚ್ಚರಿಸಿದೆ. ಲೇಬಲ್ ಮೇಲೆ ಮಾತ್ರ ಎಲ್ಲಾ ಗಿಡದ ಹೆಸರೇ ಇರುತ್ತೆ. ಇದು ಚೀನೀ ವೈದ್ಯ ಅಲ್ಲವೇ ಅಲ್ಲ, ಕಲಬೆರಕೆ. ಇಲ್ಲಿ ನೋಂದಣಿ ಮಾಡಿಸಿಕೊಂಡು ನಾಡಿ ನೋಡಿ ಮದ್ದು ಕೊಡುವ ಒಳ್ಳೆಯ ಚೀನೀ ವೈದ್ಯರಿಗೂ ಇದರಿಂದ ಕೆಟ್ಟ ಹೆಸರು.

ಸರಿ, ಕಲಬೆರಕೆ ಇಲ್ಲ, ಅಸಲಿ ಮದ್ದೇ ಅಂತ ಇಟ್ಟುಕೊಳ್ಳೋಣ. ಆಗಲೂ ನಿಮ್ಮ ಅಮ್ಮನಿಗೆ ಆಗುವುದಿಲ್ಲ. ಸೊಂಟ, ಮಂಡಿ ನೋವಿಗೆ ಚೀನೀ ವೈದ್ಯರು ಕೊಡುವ ಹೆಸರಾಂತ ಕಷಾಯ 'ಡು ಹುವೊ ಜಿ ಶೆಂಗ್ ತಾಂಗ್', 7ನೇ ಶತಮಾನದ ವೈದ್ಯ ಸುನ್ ಸಿಮಿಯಾವ್ ಕಾಲದ್ದು, 15 ಮೂಲಿಕೆ ಬೀಳುತ್ತೆ. ಅದರಲ್ಲಿರುವ ಡಾಂಗ್ ಗುಯ್ ಬೇರು ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತೆ, ಜಿನ್ಸೆಂಗ್ ಅದೇ ವಾರ್ಫರಿನ್ ಕೆಲಸವನ್ನು ತಗ್ಗಿಸಬಹುದು, ವಾಲ್ವ್ ಹಾಕಿಸಿಕೊಂಡವರಿಗೆ ಅದು ರಕ್ತ ಹೆಪ್ಪುಗಟ್ಟುವ ಅಪಾಯ. ಇನ್ನು ಇದರಲ್ಲೇ ಇರುವ ಜ್ಯೇಷ್ಠಮಧು, ನಮ್ಮ ಮನೆಗಳಲ್ಲೂ ಕೆಮ್ಮಿಗೆ ಕೊಡ್ತೀವಲ್ಲ ಅದರ ಜಾತಿಯದೇ, ದಿನಾ ತಿಂದರೆ ಬಿಪಿ ಏರಿಸುತ್ತೆ, ಪೊಟ್ಯಾಸಿಯಂ ಇಳಿಸುತ್ತೆ.

ಗಿಡ ಅದಲುಬದಲಾದರೆ ಏನಾಗುತ್ತೆ ಅನ್ನೋದಕ್ಕೆ ಬೆಲ್ಜಿಯಂ ಸಾಕ್ಷಿ. 1990ರ ದಶಕದ ಶುರುವಲ್ಲಿ ಬ್ರಸೆಲ್ಸ್‌ನ ಒಂದು ಕ್ಲಿನಿಕ್‌ನಲ್ಲಿ ತೂಕ ಇಳಿಸೋಕೆ ಅಂತ ಮಹಿಳೆಯರಿಗೆ ಕೊಟ್ಟ ಕ್ಯಾಪ್ಸೂಲ್‌ನಲ್ಲಿ ಸ್ಟೆಫಾನಿಯಾ ಬೇರಿನ ಬದಲು ಅರಿಸ್ಟೊಲೋಕಿಯಾ ಬೇರು ಸೇರಿಕೊಂಡಿತ್ತು. ಚೀನೀ ಹೆಸರು ಹತ್ತಿರ ಹತ್ತಿರ, ಅಷ್ಟೇ ಸಾಕಾಯಿತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಮುಂದೆ ಕಿಡ್ನಿ ತೆಗೆಸಿಕೊಂಡ 39 ಜನರನ್ನು ಪರೀಕ್ಷಿಸಿದಾಗ 18 ಜನರಿಗೆ ಮೂತ್ರನಾಳದ ಕ್ಯಾನ್ಸರ್ ಇತ್ತು. ನಮ್ಮ ಕಡೆ ಹಾವಿನ ವಿಷಕ್ಕೆ ಅಂತ ಹೇಳುವ ಈಶ್ವರಿ ಬಳ್ಳಿಯೂ ಇದೇ ಅರಿಸ್ಟೊಲೋಕಿಯಾ ಕುಟುಂಬದ್ದೇ, ದಯವಿಟ್ಟು ಅದನ್ನೂ ಕುಡಿಸಬೇಡಿ.

ಹಾಗಾದರೆ ಚೀನೀ ಮೂಲಿಕೆಯಲ್ಲಿ ಏನೂ ಇಲ್ವಾ? ಇದೆ. ಚೀನಾದ ವಿಜ್ಞಾನಿ ತು ಯೂಯೂ ಅವರು 4ನೇ ಶತಮಾನದ ವೈದ್ಯ ಗೆ ಹಾಂಗ್ ಬರೆದ ಪುಸ್ತಕದಲ್ಲಿ ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಿರಿ ಅನ್ನೋದನ್ನು ಓದಿ, ಕುದಿಸಿದರೆ ಸತ್ವ ಹೋಗ್ತಿದೆ ಅಂತ ಊಹಿಸಿ, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಅದೇ ಆರ್ಟೆಮಿಸಿನಿನ್. ಮಲೇರಿಯಾದಿಂದ ಲೆಕ್ಕವಿಲ್ಲದಷ್ಟು ಜೀವ ಉಳಿಸಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಮಲೇರಿಯಾಕ್ಕೆ ಇವತ್ತು ಡಾಕ್ಟರ್ ಕೊಡುವುದು ಸೊಪ್ಪಿನ ರಸ ಅಲ್ಲ, ಎಷ್ಟು ಮಿಲಿಗ್ರಾಂ ಅಂತ ಗೊತ್ತಿರುವ ಮಾತ್ರೆ. ನಿಮ್ಮ ಕೈಯಲ್ಲಿರುವ ಡಬ್ಬಿಯಲ್ಲಿ ಏನು ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ.

ಡಾಕ್ಟರ್ ಹತ್ತಿರ ಹೋದಾಗ ಐಎನ್ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಪರೀಕ್ಷೆ), ಶುಗರ್, ಪೊಟ್ಯಾಸಿಯಂ, ಕಿಡ್ನಿ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್ ಇರಬಹುದು ಅಂತ ನೀವೇ ಬಾಯಿಬಿಟ್ಟು ಹೇಳಿ. ಎರಡು ತಿಂಗಳು ಸ್ಟೀರಾಯ್ಡ್ ಹೋಗಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ, ಬಿಪಿ ಕುಸಿದು ತಲೆಸುತ್ತಿ ಬೀಳಬಹುದು, ಅದಕ್ಕೇ ಹೇಗೆ ನಿಲ್ಲಿಸಬೇಕು ಅನ್ನೋದನ್ನು ಅವರೇ ಹೇಳಲಿ. ಅಷ್ಟರಲ್ಲಿ ಮಲ ಕಪ್ಪಗಾದರೆ, ಮೂಗು ಒಸಡಿನಿಂದ ರಕ್ತ ನಿಲ್ಲದಿದ್ದರೆ, ಅಪಾಯಿಂಟ್‌ಮೆಂಟ್ ಅಂತ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.