ಅಮ್ಮನ ಕಾಲಿನ ಕಂದು ಕಲೆ ಮತ್ತು ಊತ

ನಮಸ್ಕಾರ. ಕಾರವಾರದ ಮಾರ್ಕೆಟ್‌ನಲ್ಲಿ ದಿನವಿಡೀ ನಿಂತು ಮೀನು ಮಾರುವ ನಿಮ್ಮಮ್ಮನಿಗೆ ಸಂಜೆ ಕಾಲು ಊದಿ, ಪಾದದ ಗಂಟಿನ ಮೇಲೆ ಚರ್ಮ ಕಂದಾಗಿದೆ, ಇದು ಆನೆಕಾಲಾ ಎಂದು ಕೇಳಿದ್ದೀರಿ. ಕರಾವಳಿಯವರಿಗೆ ಮೊದಲು ಬರುವ ಹೆದರಿಕೆಯೇ ಅದು. ಆದರೆ ಬೆಳಿಗ್ಗೆ ಊತ ಇಳಿಯುತ್ತದೆ ಅಂದಿರಲ್ಲ, ಹಾಗಿದ್ದರೆ ರಕ್ತನಾಳದ ತೊಂದರೆಯೇ ಇರಬಹುದು.

ಶಿರಸಿಯ ನಮ್ಮ ಆಯಿಗೂ ಹೀಗೇ ಆಗಿತ್ತು. ಅಡಿಕೆ ಸುಲಿಯಲು ಕೂತರೆ ಏಳುತ್ತಿರಲಿಲ್ಲ! ರಕ್ತವನ್ನು ಮೇಲಕ್ಕೆ ಕಳಿಸುವ ನಾಳಗಳೊಳಗಿನ ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ. ಒತ್ತಡಕ್ಕೆ ಕೆಂಪು ಕಣಗಳು ಹೊರಗೆ ಸೋರುತ್ತವೆ, ಅದರ ಕಬ್ಬಿಣದ ಅಂಶ ಚರ್ಮದಲ್ಲಿ ಕಲೆಯಾಗಿ ಉಳಿಯುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಸರ್ಜರಿ ಡಾಕ್ಟರಿಗೆ ತೋರಿಸಿ, ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ನೋಡುವ ಡಾಪ್ಲರ್ ಸ್ಕ್ಯಾನ್ ಬಗ್ಗೆ ಕೇಳಿ. ಹೃದಯ, ಕಿಡ್ನಿ ತೊಂದರೆಯಲ್ಲೂ ಕಾಲು ಊದುತ್ತದೆ, ಅದನ್ನೂ ನೋಡಲಿ. ಬಿಗಿ ಕಾಲುಚೀಲ ಒಳ್ಳೆಯದೇ, ಆದರೆ ಸುಮ್ನೆ ತಂದು ಹಾಕಬೇಡಿ. ಸಕ್ಕರೆ ಕಾಯಿಲೆ ಇದ್ದರಂತೂ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೇ ನೋಡಿಸಿಯೇ ಹಾಕಬೇಕು. ಮಲಗುವಾಗ ಕಾಲಡಿ ದಿಂಬು ಇಡಿ. ತುರಿಕೆ ಜಾಸ್ತಿಯಾದರೂ ಕೆರೆಯಬಾರದು, ಗಾಯವಾದರೆ ತಿಂಗಳುಗಟ್ಟಲೆ ಮಾಯುವುದಿಲ್ಲ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು, ಬಿಸಿ ಕಂಡರೆ ಅಥವಾ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ.